ಗಡಿಯಾರಕ್ಕೇನು ಗೊತ್ತು ನಮ್ಮನೆ ಕತ್ತಲೆ?

"ಹೊಸಬರೇ, ಹೆದರಬೇಡಿ. ಟೈಮಿನಿಂದ ಶುರು ಮಾಡಿ, ಅದೇ ಎಲ್ಲಕ್ಕಿಂತ ಸುಲಭ."

ಸ್ಮಾರ್ಟ್ ಹೋಮ್ ಬಗ್ಗೆ ಯಾರು ಬರೆದರೂ ಮೊದಲ ಪಾಠ ಇದೇ. ಸಂಜೆ ಆರೂವರೆಗೆ ದೀಪ ಆನ್, ರಾತ್ರಿ ಹತ್ತಕ್ಕೆ ಆಫ್. ಆಪ್ ತೆರೆದು ನಾಲ್ಕು ಕಡೆ ಒತ್ತಿದರೆ ಮುಗೀತು. ನಾನೂ ಆಫೀಸಿನಲ್ಲಿ ಸುಮಾರು ಜನಕ್ಕೆ ಹೀಗೇ ಹೇಳಿಕೊಟ್ಟವನು. ಈಗ ಅದೇ ಬಾಯಲ್ಲಿ ಹೇಳ್ತಿದೀನಿ, ಇದು ಅರ್ಧ ಸುಳ್ಳು ಮಾರಾಯ್ರೆ. ಬರೆಯೋದಕ್ಕೆ ಸುಲಭ ಅನ್ನೋದು ನಿಜ. ಅದರ ಜೊತೆ ಒಂದೇ ಮನೆಯಲ್ಲಿ ಬಾಳಬೇಕಾದವರನ್ನ ಒಂದು ಸಲ ಕೇಳಿ ನೋಡಿ.

ನಮ್ಮ ಅಮ್ಮನ್ನ ಕೇಳಿ ಬೇಕಾದರೆ. ಸಾಗರದ ಹತ್ತಿರದ ಹಳ್ಳಿ, ಸುತ್ತ ಅಡಿಕೆ ತೋಟ, ಮನೇಲಿ ಅವಳೊಬ್ಬಳೇ. ಹೋದ ವರ್ಷ ಬೇಸಿಗೆಯಲ್ಲಿ ಹೋದಾಗ ಉತ್ಸಾಹದಿಂದ ಜಗುಲಿಗೆ, ಹಿತ್ತಿಲ ಕಡೆ ಬಚ್ಚಲಿಗೆ ಹೋಗುವ ದಾರಿಗೆ ಸ್ಮಾರ್ಟ್ ಬಲ್ಬ್ ಹಾಕಿ ಬಂದೆ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಬಲ್ಬಿಗೆ ಕರೆಂಟೇ ಇರಲ್ಲ, ಆಮೇಲೆ ಅದು ಯಾರ ಮಾತೂ ಕೇಳಲ್ಲ. ಅದಕ್ಕೆ ಸ್ವಿಚ್ ಮೇಲೆ ಟೇಪ್ ಅಂಟಿಸಿ "ಮುಟ್ಟಬೇಡ" ಅಂತ ಬೇರೆ ಬರೆದಿಟ್ಟೆ. (ಬುದ್ಧಿವಂತ ನಾನು!) ಅಮ್ಮ ಒಂಬತ್ತೂವರೆಗೆ ಮಲಗ್ತಾಳೆ ಅನ್ನೋದು ನನ್ನ ಲೆಕ್ಕ. ಹತ್ತಕ್ಕೆ ಎಲ್ಲಾ ಆಫ್.

ಒಂದು ರಾತ್ರಿ ಹತ್ತಕ್ಕೆ ಅವಳು ಬಚ್ಚಲಲ್ಲಿದ್ದಳು. ಹೊರಗೆ ಕಾಲಿಟ್ಟರೆ ಗವ್ವೆನ್ನುವ ಕತ್ತಲೆ. ಸ್ವಿಚ್ಚಿಗೆ ಕೈ ಹಾಕಿದರೆ ಟೇಪು. ಗೋಡೆ ತಡವಿಕೊಂಡು ಬರುವಾಗ ಮೆಟ್ಟಿಲಿಗೆ ಮೊಣಕಾಲು ತಾಗಿತು, ಪುಣ್ಯಕ್ಕೆ ಬೀಳಲಿಲ್ಲ. ಬೆಳಿಗ್ಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: "ತಮಾ, ನಿನ್ನ ದೀಪ ಹತ್ತಕ್ಕೇ ಆರಿಹೋತು." ಬೈದಿದ್ದರೆ ವಾಸಿಯಿತ್ತು.

"ಸೂರ್ಯಾಸ್ತಕ್ಕೆ ಆನ್ ಅಂತ ಕೊಡಬೇಕಿತ್ತಪ್ಪ" ಅಂತೀರಿ, ಗೊತ್ತು. ಅದನ್ನೂ ಮಾಡಿದ್ದೆ. ಆ ಸಲಹೆ ಹುಟ್ಟಿದ್ದು ಲಂಡನ್ನಿನಂಥ ಊರುಗಳಲ್ಲಿ. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗ್ತಾನೆ, ಜೂನಿನಲ್ಲಿ ಒಂಬತ್ತು ದಾಟಿದ ಮೇಲೆ. ಒಂದೇ ಟೈಮ್ ಇಟ್ಟರೆ ಅವರಿಗೆ ಕಷ್ಟವೇ. ಬೆಂಗಳೂರಿನಲ್ಲಿ ನವೆಂಬರಿನಲ್ಲಿ 5:50ರ ಆಸುಪಾಸು, ಜುಲೈ ಶುರುವಿನಲ್ಲಿ 6:50ರ ಆಸುಪಾಸು. ಇಡೀ ವರ್ಷಕ್ಕೆ ಬರೀ ಒಂದು ಗಂಟೆ ವ್ಯತ್ಯಾಸ. ಸಾಗರ ಇನ್ನೂ ಪಶ್ಚಿಮಕ್ಕಿರೋದರಿಂದ ಅಲ್ಲಿ ಸುಮಾರು ಹತ್ತು ನಿಮಿಷ ತಡ, ಅಷ್ಟೇ.

ಈಗ ತಮಾಷೆ ನೋಡಿ. ಪಂಚಾಂಗದ ಪ್ರಕಾರ ನಮ್ಮೂರಲ್ಲಿ ಸೂರ್ಯ ಅತಿ ತಡವಾಗಿ ಮುಳುಗೋದು ಜುಲೈನಲ್ಲಿ. ಮಲೆನಾಡಿನ ಮನೆ ಅತಿ ಬೇಗ ಕತ್ತಲಾಗೋದೂ ಅದೇ ಜುಲೈನಲ್ಲಿ! ಮಳೆ ಹಿಡಿದು ಕೂತರೆ ನಾಲ್ಕೂವರೆಗೆಲ್ಲ ಅಡುಗೆಮನೆಯಲ್ಲಿ ಅಕ್ಕಿ ಆರಿಸೋಕೆ ದೀಪ ಬೇಕು. ನನ್ನ ಬಲ್ಬು ಮಾತ್ರ ಏಳು ಗಂಟೆ ಆಗಲಿ ಅಂತ ಕಾಯ್ತಾ ಕೂತಿತ್ತು. ಅಲ್ಲಿ ಬೇಕಿದ್ದದ್ದು ಬೆಳಕು ಅಳೆಯುವ ಒಂದು ಸಣ್ಣ ಸೆನ್ಸರ್.

ಇನ್ನು ಕರೆಂಟು. ಹೊಸಬರಿಗೆ ಪಾಠ ಹೇಳುವವರು ಈ ವಿಷಯ ಎತ್ತೋದೇ ಇಲ್ಲ, ಅವರ ಊರಲ್ಲಿ ಕರೆಂಟು ಹೋಗಲ್ಲ ಅಂತ ಕಾಣುತ್ತೆ. ಟೈಮಿನ ನಿಯಮ ಕೆಲಸ ಮಾಡೋದು ಆ ಗಳಿಗೆಯಲ್ಲಿ ಮಾತ್ರ. ಹೋಮ್ ಅಸಿಸ್ಟೆಂಟ್ ತಗೊಳ್ಳಿ. ಆರೂವರೆಗೆ ಅಂತ ಬರೆದ ಟ್ರಿಗರ್, ಆರೂವರೆಗೆ ಅದು ಬಂದ್ ಆಗಿದ್ದರೆ ತಪ್ಪಿಹೋಯ್ತು. ಏಳಕ್ಕೆ ಕರೆಂಟು ಬಂದರೆ "ಅಯ್ಯೋ ತಪ್ಪಿತು" ಅಂತ ತಾನಾಗಿ ಹಿಂದಿನದನ್ನು ಮಾಡಲ್ಲ. "ಸಿಸ್ಟಮ್ ಶುರುವಾದಾಗಲೂ ನೋಡು, ಟೈಮು ಆರೂವರೆಯಿಂದ ಹತ್ತರ ಒಳಗಿದ್ದರೆ ಆನ್ ಮಾಡು" ಅಂತ ನಾವೇ ಎರಡನೇ ಟ್ರಿಗರ್ ಬರೆದು ಷರತ್ತು ಸೇರಿಸಬೇಕು. ಇನ್ನು ಬಲ್ಬುಗಳ ವಿಷಯ. ಎಷ್ಟೋ ಸ್ಮಾರ್ಟ್ ಬಲ್ಬು ಕರೆಂಟು ಬಂದ ಕೂಡಲೇ ಝಗ್ಗಂತ ಪೂರ್ತಿ ಹೊತ್ತಿಕೊಳ್ತವೆ, ರಾತ್ರಿ ಎರಡಾಗಿದ್ದರೂ ಸರಿಯೇ. ಕರೆಂಟು ವಾಪಸ್ ಬಂದಾಗ ಹೇಗಿರಬೇಕು ಅನ್ನುವ ಸೆಟ್ಟಿಂಗ್ ಕೆಲವಲ್ಲಿದೆ, ಕೆಲವಲ್ಲಿಲ್ಲ. ಬಲ್ಬು ಕೊಳ್ಳುವಾಗ ಮೊದಲು ಕೇಳಬೇಕಾದ್ದು ಇದನ್ನ. ನಾವು ಕೇಳೋದು ಎಷ್ಟು ಬಣ್ಣ ಬರುತ್ತೆ ಅಂತ!

ಇದಕ್ಕಿಂತ ಮಜಾ ಇನ್ನೊಂದಿದೆ. ಇಂಥ ಪುಟ್ಟ ಕಂಪ್ಯೂಟರುಗಳು ಹಲವದರಲ್ಲಿ ಬ್ಯಾಟರಿ ಇರುವ ಗಡಿಯಾರವೇ ಇರಲ್ಲ, ಟೈಮನ್ನು ಇಂಟರ್ನೆಟ್ಟಿನಿಂದ ಕೇಳಿ ತಿಳ್ಕೊಳ್ತವೆ. ಎಂಟಕ್ಕೆ ಕರೆಂಟು ಹೋಗಿ ಹನ್ನೊಂದಕ್ಕೆ ಬಂತು ಅನ್ನಿ, ನೆಟ್ಟು ಇನ್ನೂ ಬಂದಿಲ್ಲ. ಆ ಪೆಟ್ಟಿಗೆಯ ಲೆಕ್ಕದಲ್ಲಿ ಈಗಲೂ ಎಂಟೇ! ಟೈಮಿನ ಮೇಲೆ ಮನೆ ನಡೆಸೋದಕ್ಕೆ ನಾನು ನೇಮಿಸಿದ ಮೇಸ್ತ್ರಿಗೆ ಟೈಮೇ ಗೊತ್ತಿಲ್ಲ.

ನಮ್ಮ ಮಾವನ ತೋಟದಲ್ಲಿ ಪಂಪಿಗೆ ಆಟೋ ಸ್ಟಾರ್ಟರ್ ಇದೆ. ಮೂರು ಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತೋ ದೇವರಿಗೇ ಗೊತ್ತು, ಅದಕ್ಕೆ ಅವರು ಟೈಮಿಗೆ ಗಂಟು ಬೀಳಲೇ ಇಲ್ಲ. ಕರೆಂಟು ಬಂದಾಗ ಪಂಪು ಶುರು. ಸ್ಮಾರ್ಟ್ ಅನ್ನೋ ಹೆಸರಿಲ್ಲ, ಆಪ್ ಇಲ್ಲ. ವರ್ಷಾನುಗಟ್ಟಲೆಯಿಂದ ತೋಟಕ್ಕೆ ನೀರು ಹೋಗ್ತಿದೆ. ಇಂಥವರ ಮುಂದೆ ನಾನು ಆಟೊಮೇಶನ್ ಬಗ್ಗೆ ಭಾಷಣ ಮಾಡಿದ್ದೆ ಅನ್ನೋದು ನೆನಪಾದರೆ ಈಗ ನಾಚಿಕೆಯಾಗುತ್ತೆ.

ಹಾಗಂತ ಟೈಮಿನ ನಿಯಮ ಬೇಡವೇ ಬೇಡ ಅಂತಿಲ್ಲ. ಗೀಸರ್ ಆನ್ ಮಾಡಿ ಮರೆಯೋ ಜನಕ್ಕೆ ಅರ್ಧ ಗಂಟೆಯಾದ ಮೇಲೆ ಆಫ್ ಅನ್ನೋದು ಒಳ್ಳೇದೇ. (16 ಆಂಪಿಯರ್ ಪ್ಲಗ್ಗೇ ತಗೊಳ್ಳಿ. 3 ಕಿಲೋವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತೆ, 10ರ ಪ್ಲಗ್ ಸುಟ್ಟೀತು.) ತಪ್ಪಿದರೂ ಯಾರಿಗೂ ಪೆಟ್ಟಾಗದ ಕೆಲಸಗಳನ್ನು ಟೈಮಿಗೆ ಬಿಡಿ. ಮನುಷ್ಯರು ಓಡಾಡುವ ಜಾಗದ ದೀಪವನ್ನು ಟೈಮ್ ನೋಡಿ ಆರಿಸಬೇಡಿ, ಅಲ್ಲಿ ಚಲನೆ ಗುರುತಿಸುವ ಸೆನ್ಸರ್ ಹಾಕಿ. ಗೋಡೆಯ ಸ್ವಿಚ್ಚಂತೂ ಯಾವತ್ತೂ ಕೆಲಸ ಮಾಡಲೇಬೇಕು. ಬಲ್ಬಿನ ಬದಲು ಸ್ವಿಚ್ಚಿನ ಹಿಂದೆ ಕೂರುವ ರಿಲೇ ಹಾಕಿಸಿದರೆ ಆಪೂ ನಡೆಯುತ್ತೆ, ಕೈಯೂ ನಡೆಯುತ್ತೆ. ಎಲೆಕ್ಟ್ರಿಶಿಯನ್ ಕೈಲೇ ಹಾಕಿಸಿ. ಹಳೇ ಮನೆಗಳ ಸ್ವಿಚ್ ಬೋರ್ಡಿನಲ್ಲಿ ನ್ಯೂಟ್ರಲ್ ವೈರ್ ಎಷ್ಟೋ ಸಲ ಇರೋದೇ ಇಲ್ಲ, ಮೊದಲು ನೋಡಿಸಿಕೊಳ್ಳಿ.

ನಾನು ಮುಂದಿನ ವಾರ ಊರಿಗೆ ಹೋಗ್ತಿದೀನಿ, ರಿಲೇ ಎರಡು ತಗೊಂಡು. ಟೇಪು ಕೀಳೋ ಕೆಲಸ ನನಗಿಲ್ಲ, ಅಮ್ಮ ಅವತ್ತೇ ಕಿತ್ತು ಬಚ್ಚಲ ಒಲೆಗೆ ಹಾಕಿದ್ದಾಳಂತೆ.