ಮೊಳೆತ ರಾಗಿ

ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಕೂಸಿಗೆ ಅನ್ನಪ್ರಾಶನದ ಕಾಲ ಸಮೀಪಿಸಿತೆಂದರೆ ಅಜ್ಜಿಯರು ರಾಗಿಯನ್ನು ನೆನೆಹಾಕುತ್ತಿದ್ದರು. ನೆನೆದ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ತಾರಸಿಯಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಬೀಸಿ, ವಸ್ತ್ರಗಾಳಿತ ಮಾಡಿ ಸರಿಹಿಟ್ಟನ್ನು ಸಿದ್ಧಪಡಿಸುತ್ತಿದ್ದರು. ಉರಿ ಜೋರಾದರೆ ಗದರುತ್ತಿದ್ದರು. ಆ ಗದರಿಕೆ ನಿರಾಧಾರವಾದುದಲ್ಲ.

ಧಾನ್ಯವು ಮೊಳೆಯುವಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವಗಳ ಶಕ್ತಿ ಹೆಚ್ಚುತ್ತದೆ. ಅವು ಪಿಷ್ಟದ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತವೆ; ಗಂಜಿ ಕಾಯುತ್ತಿರುವಾಗಲೇ ತೆಳುವಾಗುತ್ತದೆ. ಮೊಳೆಯದ ರಾಗಿಯ ಹಿಟ್ಟಾದರೆ, ಕೂಸು ನುಂಗುವ ಹದಕ್ಕೆ ತರಲು ನೀರನ್ನು ಧಾರಾಳವಾಗಿ ಸುರಿಯಬೇಕು. ಆಗ ಎಳೆಯ ಹೊಟ್ಟೆ ನೀರಿನಿಂದಲೇ ತುಂಬಿ, ಅನ್ನಕ್ಕೆ ಎಡೆಯುಳಿಯದು. ಮೊಳೆತ ಹಿಟ್ಟಾದರೋ ಅಷ್ಟೇ ನೀರಿಗೆ ಹೆಚ್ಚು ಹಿಡಿಸುತ್ತದೆ. ಆದರೆ ಹುರಿಯುವಾಗ ಕಾವು ಮಿತಿಮೀರಿದರೆ ಕಿಣ್ವಗಳು ಅಲ್ಲಿಯೇ ನಾಶವಾಗುತ್ತವೆ.

ಪಾಶ್ಚಾತ್ಯರು ಬಾರ್ಲಿಯಲ್ಲಿ ಈ ಕಿಣ್ವಗಳನ್ನು ಬಹಳ ಶ್ರದ್ಧೆಯಿಂದ ಪರಿಶೀಲಿಸಿದ್ದಾರೆ. ಬೀಟಾ ಅಮೈಲೇಸು ಬಿಸಿಯನ್ನು ತಡೆದುಕೊಳ್ಳುವ ಶಕ್ತಿ ತಳಿಯಿಂದ ತಳಿಗೆ ಬೇರೆ. ಅದು ವಂಶವಾಹಿಗಳ ಭೇದದಿಂದ ಬಂದುದು. ಇದನ್ನರಿತು ಅವರು ಬಿಯರ್ ತಯಾರಿಕೆಗೆ ತಕ್ಕ ತಳಿಗಳನ್ನು ಆರಿಸಿ ಬೆಳೆಸಿದರು. ಮದ್ಯಕ್ಕಾಗಿ ತೋರಿದ ಈ ಆಸ್ಥೆ ಮಗುವಿನ ಗಂಜಿಗೆ ಏಕೆ ಸಲ್ಲಬಾರದು?

ನಮ್ಮಲ್ಲಿ ಕೆಲಸ ನಡೆದೇ ಇಲ್ಲವೆಂದಲ್ಲ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ 1970ರ ದಶಕದಲ್ಲಿಯೇ ರಾಗಿಯ ಹೊಸ ತಳಿಗಳ ಮಾಲ್ಟಿನ ಗುಣವನ್ನು ಪರೀಕ್ಷಿಸಿದ್ದರು. ಕಿರುಧಾನ್ಯಗಳಲ್ಲಿ ಮಾಲ್ಟಿಗೆ ರಾಗಿಯೇ ಮೇಲು. ಆದರೂ ಎಲ್ಲ ರಾಗಿಯೂ ಒಂದೇ ಸಮನಲ್ಲ. ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಸೃಷ್ಟಿಸಿದರು. ಆ ಇಂಡಾಫ್ ವಂಶದಿಂದಲೇ ಬೆಂಗಳೂರಿನಲ್ಲಿ ಬೆಂಕಿರೋಗ ತಡೆಯುವ ಜಿಪಿಯು-28 ತಳಿಯೂ ಬಂದಿತು. ಇಳುವರಿ ಹೆಚ್ಚಬೇಕು, ರೋಗ ತಗ್ಗಬೇಕು ಎಂಬುದೇ ಆಗಿನ ಮುಖ್ಯ ಗುರಿ. ಹಸಿವಿನ ದಿನಗಳಲ್ಲಿ ಅದು ನ್ಯಾಯವೇ ಆಗಿತ್ತು.

ಆದರೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಂದು ಸಾವಿರಾರು ಬಗೆಯ ರಾಗಿಯ ಸಂಗ್ರಹವಿದೆ. ಹೊಸ ತಳಿಯನ್ನು ತೂಗುವಾಗ ಎಕರೆಗೆ ಎಷ್ಟು ಚೀಲ ಎಂಬುದರೊಡನೆ, ಮೊಳೆತಾಗ ಅದರ ಕಿಣ್ವಬಲವೆಷ್ಟು ಎಂಬುದನ್ನೂ ಅಳೆಯಬೇಕೆಂದು ನನ್ನ ಅಭಿಪ್ರಾಯ. ರೈತನಿಗೆ ಇದರಿಂದೇನು ಲಾಭವೆಂದು ಕೇಳಬಹುದು. ಪ್ರಶ್ನೆ ಸರಿಯಾದುದೇ, ಅಂಥ ರಾಗಿಗೆ ಹೆಚ್ಚಿನ ಬೆಲೆ ದೊರೆಯದಿದ್ದರೆ ಅವನು ಅದನ್ನು ಬಿತ್ತಲಾರ. ಬೆಲೆ ದೊರೆಯಬೇಕಾದರೆ ಕೊಳ್ಳುವವರಿಗೆ ತಳಿಯ ಗುರುತಿರಬೇಕು.

ಗಾಂಧಿಬಜಾರಿನ ಅಂಗಡಿಯಲ್ಲಿ ರಾಗಿ ಕೊಳ್ಳುವವರು ಬಣ್ಣ ನೋಡುತ್ತಾರೆ, ಕಲ್ಲು ಮಣ್ಣು ನೋಡುತ್ತಾರೆ. ತಳಿಯ ಹೆಸರನ್ನು ಕೇಳುವವರು ವಿರಳ. ಒಂದು ತಿಂಗಳು ಹದವಾಗಿದ್ದ ಸರಿ ಮರುತಿಂಗಳು ಮುದ್ದೆಯಂತಾದರೆ, ಬೈಗುಳ ಮಾತ್ರ ಸೊಸೆಯ ಪಾಲಿಗೆ ಬರುತ್ತದೆ.