ಕುಂಡದ ಕಲ್ಲಿಗೆ ಗೋಂದೇಕೆ?

ಕಳೆದ ದೀಪಾವಳಿಗೆ ನಮ್ಮ ಸಂಘ ಮನೆಗೊಂದರಂತೆ ಸಕ್ಯುಲೆಂಟ್ ಗಿಡದ ಕುಂಡ ಹಂಚಿದ್ದು ಸದಸ್ಯರಿಗೆ ನೆನಪಿರಬಹುದು. ಯುಗಾದಿಗೂ ಅದನ್ನೇ ಹಂಚುವ ಆಲೋಚನೆ ಸಮಿತಿಗಿದೆಯಂತೆ. ಗಿಡ ಧಾರಾಳವಾಗಿ ಕೊಡಿ; ಬುಡಕ್ಕೆ ಗೋಂದು ಸುರಿದು ಅಂಟಿಸಿದ ಕಲ್ಲು ಮಾತ್ರ ದಯವಿಟ್ಟು ಬೇಡ.

ನಮ್ಮ ಮನೆಯ ಗಿಡ ಎರಡೇ ತಿಂಗಳಲ್ಲಿ ಕೊಳೆಯಿತು. ಊರಿನಿಂದ ಬಂದಿದ್ದ ಅಮ್ಮ ಅತಿಯಾಗಿ ನೀರು ಹಾಕಿದರೆಂದು ನಾವು ಗೊಣಗಿದೆವು. ಆಮೇಲೆ ಕಿತ್ತು ನೋಡಿದರೆ ಮೇಲಿನ ಕಲ್ಲೆಲ್ಲ ಕಡಲೆಬೀಜದ ಚಿಕ್ಕಿಯಂತೆ ಒಂದೇ ಬಿಲ್ಲೆ! ಅದರಡಿ ಕೆಸರು. ಕುಂಡಕ್ಕೆ ತೂತೂ ಇಲ್ಲ. ಪರೀಕ್ಷೆಗೆ ಮೊದಲೇ ರೋಗ ಹೇಳಿದ್ದು ಡಾಕ್ಟರಾದ ನಮ್ಮ ತಪ್ಪು.

ಕಲ್ಲಿನದೇನೂ ದೋಷವಿಲ್ಲ. ಕಾಲಿಂಚಿನ ಜಲ್ಲಿಯನ್ನು ಅರ್ಧ ಇಂಚು ಸಡಿಲವಾಗಿ ಹರಡಿದರೆ ನೀರು ಕೆಳಗಿಳಿಯುತ್ತದೆ, ಕಾಂಡದ ಬುಡ ಬೇಗ ಒಣಗುತ್ತದೆ, ಕೆಳಗಿನ ಎಲೆಗಳು ಹಸಿ ಮಣ್ಣಿಗೆ ತಾಗುವುದಿಲ್ಲ. ಈ ಗಿಡಗಳು ಕೊಳೆಯುವುದು ಹೆಚ್ಚಾಗಿ ಅಲ್ಲಿಂದಲೇ. ನಮಗೆ ಹತ್ತಿರದ ಸ್ಯಾನ್ ಮರೀನೋದಲ್ಲಿ 1907ರ ಸುಮಾರಿಗೆ ಆರಂಭವಾದ ಹಂಟಿಂಗ್ಟನ್ ಮರುಭೂಮಿ ತೋಟವಿದೆ. ಮಕ್ಕಳನ್ನು ಕರೆದೊಯ್ದು ಕಳ್ಳಿಗಳ ಬುಡ ನೋಡಿ.

ಗೋಂದು ಇರುವುದು ಸಾಗಿಸುವಾಗ ಕಲ್ಲು ಚೆಲ್ಲದಿರಲೆಂದು. ಅದು ಅಂಗಡಿಯ ಅನುಕೂಲ, ಗಿಡದ್ದಲ್ಲ. ಮುರಿಯದ ಕೈಗೆ ಪ್ಲಾಸ್ಟರ್ ಹಾಕಿದಂತೆ! ನೀರು ಸಲೀಸಾಗಿ ಇಳಿಯದು, ಇಳಿದದ್ದು ಆರದು, ಕಾಂಡ ದಪ್ಪವಾಗಲು ಜಾಗವಿರದು.

"ಕುಂಡದ ತಳಕ್ಕೆ ಕಲ್ಲು ಹಾಕಿದರೆ ಸಾಲದೇ?" ಎನ್ನುವವರಿದ್ದಾರೆ. ಸಾಲದು. ನುಣುಪು ಮಣ್ಣು ಪೂರ್ತಿ ನೆನೆಯುವವರೆಗೆ ನೀರನ್ನು ಕೆಳಗಿನ ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ತೇವ ಬೇರಿಗೆ ಇನ್ನಷ್ಟು ಹತ್ತಿರ ನಿಲ್ಲುತ್ತದೆ. ತಳಕ್ಕೆ ಬೇಕಾದದ್ದು ತೂತು.

ಮೇಲೆ ಕಲ್ಲಿದ್ದರೆ ಮಣ್ಣಿನ ಹಸಿ ಕಾಣದೆಂಬ ಆಕ್ಷೇಪ ಮಾತ್ರ ನಿಜ. ಇಡ್ಲಿ ಬೆಂದಿದೆಯೇ ಎಂದು ನೋಡುವಂತೆ ಕಡ್ಡಿ ಚುಚ್ಚಿ ನೋಡಿ. ಒಣಗಿ ಬಂದರೆ ನೀರು ಹಾಕಿ. ಗೋಂದಿನ ಬಿಲ್ಲೆಗೆ ಕಡ್ಡಿಯೂ ಇಳಿಯದು.

ಹಳೆಯ ಕುಂಡ ಬದುಕಿದ್ದರೆ ಇಂದೇ ಆ ಬಿಲ್ಲೆಯನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎಬ್ಬಿಸಿ. ಜಗ್ಗದಿದ್ದರೆ ನೀರಿನಲ್ಲಿ ನೆನೆಸಿ, ಬಿಡಿಸಿ, ಹೊಸ ಒಣ ಮಣ್ಣಿಗೆ ಬದಲಿಸಿ.

ಸಮಿತಿಗೆ ನಮ್ಮ ಸಲಹೆ: ತೂತಿರುವ ಕುಂಡದಲ್ಲಿ ಬರಿಯ ಗಿಡ ಕೊಳ್ಳಿ, ಒಂದು ಚೀಲ ಜಲ್ಲಿ ತನ್ನಿ. ಯುಗಾದಿಯ ದಿನ ಮಕ್ಕಳೇ ಹರಡಲಿ. ಚೆಲ್ಲಿದರೆ ಗುಡಿಸಲು ನಾವು ಬರುತ್ತೇವೆ, ಅಮ್ಮನ ಜೊತೆಗೆ. ಅವರ ಕ್ಷಮೆ ಈಗಾಗಲೇ ಕೇಳಿದ್ದೇವೆ.