ಉಪ್ಪು ನೋಡುವವರು

ಸಾರು ಹದವಾಗಿದ್ದ ದಿನ ಎಲ್ಲರೂ ಸುಮ್ಮನೆ ಉಂಡು ಏಳುತ್ತಾರೆ. ಉಪ್ಪು ತಪ್ಪಿದ ದಿನ ಮಾತ್ರ ‘ಇವತ್ತು ಅಡುಗೆ ಯಾರದು?’ ಎಂಬ ಪ್ರಶ್ನೆ ಬರುತ್ತದೆ. ಇದು ಅಡುಗೆಮನೆಯ ಕಥೆ ಮಾತ್ರ ಎಂದುಕೊಂಡಿದ್ದೆ. ವಿಮಾನ, ರಾಕೆಟ್ಟುಗಳ ಕಂಪ್ಯೂಟರ್ ಲೆಕ್ಕಾಚಾರಕ್ಕೆಂದೇ ಇರುವ ಸಂಶೋಧನಾ ಪತ್ರಿಕೆಯೊಂದನ್ನು ಬೆಂಗಳೂರಿನಲ್ಲಿ ಕುಳಿತು ಒಂದು ವರ್ಷ ನಡೆಸಿದ ಮೇಲೆ ಆ ಭ್ರಮೆ ಹೋಯಿತು.

ಇಂಥ ಪತ್ರಿಕೆಯಲ್ಲಿ ಲೇಖನ ಬಂದ ಕೂಡಲೇ ಅಚ್ಚಾಗುವುದಿಲ್ಲ. ವಿಷಯ ಬಲ್ಲ ಇಬ್ಬರು ಮೂವರಿಗೆ ಕಳಿಸಿ, ಲೆಕ್ಕ ಸರಿಯಿದೆಯೇ, ಹೇಳಿದ್ದಕ್ಕೆ ಆಧಾರವಿದೆಯೇ ನೋಡಿ ಎಂದು ಕೇಳುತ್ತೇವೆ. ಒಂದೊಂದಕ್ಕೂ ಮೂರು ನಾಲ್ಕು ಸಂಜೆಗಳಾದರೂ ಬೇಕು. ಬರೆದವರಿಗೆ ಹೆಸರು, ಪ್ರಕಾಶಕರಿಗೆ ಚಂದಾಹಣ, ಪರಿಶೀಲಿಸಿದವರಿಗೆ ‘ಸೇವೆ’ ಎಂಬ ಒಣ ಮಾತು!

ಒಮ್ಮೆ ಹಿರಿಯ ವಿದ್ವಾಂಸರೊಬ್ಬರ ಲೇಖನ ಬಂತು. ಸಣ್ಣ ಊರಿನ ಕಾಲೇಜಿನ ಅಧ್ಯಾಪಕಿಯೊಬ್ಬರಿಗೆ ಕಳಿಸಿದೆ. ರೇಡಿಯನ್ನಿನಲ್ಲಿ ಕೊಡಬೇಕಾದ ಕೋನಗಳನ್ನು ಪ್ರೋಗ್ರಾಮಿಗೆ ಡಿಗ್ರಿಯಲ್ಲೇ ಕೊಟ್ಟಿದ್ದಾರೆಂದು ಆಕೆ ಕಂಡುಹಿಡಿದರು. ಅರ್ಧ ಲೇಖನ ಕುಸಿದುಬಿತ್ತು. ವಿದ್ವಾಂಸರು ನನಗೆ ಫೋನು ಮಾಡಿ, ‘ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ರಂಪವೇ, ಮೇಡಂ?’ ಎಂದರು.

ಸಣ್ಣ ವಿಷಯವೇ? 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ಟು ಮೊದಲ ಹಾರಾಟದಲ್ಲೇ, ಮೇಲೆದ್ದು ಒಂದು ನಿಮಿಷವೂ ಆಗುವ ಮುಂಚೆ, ನಾಲ್ಕು ಉಪಗ್ರಹಗಳ ಸಮೇತ ಚೂರಾಯಿತು. ಹಳೆಯ ಏರಿಯಾನ್-4ರ ಪ್ರೋಗ್ರಾಮಿನ ತುಣುಕೊಂದನ್ನು ಹಾಗೆಯೇ ಇದರಲ್ಲಿ ಇಟ್ಟಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚು. ಆ ತುಣುಕಿನಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆಗೆ ಜಾಗವಿರಲಿಲ್ಲ. ಮೇಲೆದ್ದ ಮೇಲೆ ಆ ತುಣುಕಿನಿಂದ ಯಾವ ಉಪಯೋಗವೂ ಇರಲಿಲ್ಲವೆಂಬುದು ಇನ್ನೂ ದೊಡ್ಡ ವಿಪರ್ಯಾಸ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ನೌಕೆಯೊಂದು ಮಂಗಳನ ಬಳಿ ಕಳೆದುಹೋಯಿತು. ಒಂದು ತಂಡ ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ತಂಡ ನ್ಯೂಟನ್ನಿನ ಲೆಕ್ಕವೆಂದು ಓದಿತ್ತು. ವ್ಯತ್ಯಾಸ ಸುಮಾರು ನಾಲ್ಕೂವರೆ ಪಟ್ಟು. ಸೇರಿನಲ್ಲಿ ಅಳೆದ ಅಕ್ಕಿಯನ್ನು ಪಾವೆಂದು ಬರೆದುಕೊಂಡಂತೆ! ಇವು ಯಾವ ಪತ್ರಿಕೆಯ ತಪ್ಪೂ ಅಲ್ಲ, ನಿಜ. ಆದರೆ ‘ಇದು ಸೇರೋ, ಪಾವೋ?’ ಎಂದು ಕೇಳುವವರನ್ನು ಹಗುರವಾಗಿ ಕಂಡರೆ ಏನಾಗುತ್ತದೆಂಬುದಕ್ಕೆ ಇವಕ್ಕಿಂತ ಪಾಠ ಬೇಕೇ?

ಪರಿಶೀಲನೆಗೆ ಹಣ ಕೊಟ್ಟರೆ ವಿದ್ಯೆಯ ಪಾವಿತ್ರ್ಯ ಕೆಡುತ್ತದೆ ಎನ್ನುವವರಿದ್ದಾರೆ. ಪತ್ರಿಕೆಯನ್ನು ಮಾರುವಾಗ ಕೆಡದ ಪಾವಿತ್ರ್ಯ ದುಡಿದವರಿಗೆ ಕೊಡುವಾಗಲಷ್ಟೇ ಏಕೆ ಕೆಡಬೇಕು? ಹಣ ಬೇಡವೆನ್ನಿ, ಬಡ್ತಿಯ ಸಮಯದಲ್ಲಿ ಈ ಕೆಲಸವನ್ನು ಲೆಕ್ಕಕ್ಕೆ ಹಿಡಿಯಲು ಕಾಲೇಜುಗಳಿಗೆ ಏನು ಅಡ್ಡಿ?

ಇಷ್ಟು ಹೇಳಿ ನಾನು ಕೈತೊಳೆದುಕೊಳ್ಳುವಂತಿಲ್ಲ. ವರ್ಷದ ಕೊನೆಯಲ್ಲಿ ನನ್ನದೇ ಪಟ್ಟಿ ತೆರೆದು ನೋಡಿದರೆ, ಯಾರು ‘ಆಗುವುದಿಲ್ಲ’ ಎನ್ನುವುದಿಲ್ಲವೋ ಅವರಿಗೇ ಮತ್ತೆ ಮತ್ತೆ ಕಳಿಸಿದ್ದೆ. ಹೆಚ್ಚಿನವರು ಹೆಂಗಸರು. ದುಡಿಯುವ ಸೊಸೆಯ ಮುಂದೆಯೇ ಇನ್ನೊಂದು ರಾಶಿ ಪಾತ್ರೆ ಸುರಿಯುವ ಅತ್ತೆಗೂ ನನಗೂ ಏನು ವ್ಯತ್ಯಾಸ?

ಆ ಅಧ್ಯಾಪಕಿಗೆ ಫೋನು ಮಾಡಿ, ಆ ತಪ್ಪು ಹೇಗೆ ಸಿಕ್ಕಿತೆಂದು ಕೇಳಿದೆ. ‘ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂತಿದ್ದೆ ಮೇಡಂ, ಕಣ್ಣಿಗೆ ಬಿತ್ತು’ ಎಂದರು, ಏನೋ ತಪ್ಪು ಮಾಡಿದವರ ದನಿಯಲ್ಲಿ. ಅಂದು ಅವರಿಗೆ ಮತ್ತೊಂದು ಲೇಖನ ಕಳಿಸುವವಳಿದ್ದೆ, ಕಳಿಸಲಿಲ್ಲ. ಬದಲಿಗೆ ಅವರ ಒಪ್ಪಿಗೆ ಪಡೆದು ಪ್ರಿನ್ಸಿಪಾಲರಿಗೆ ಪತ್ರ ಬರೆದೆ: ನಿಮ್ಮ ಅಧ್ಯಾಪಕಿ ಈ ವರ್ಷ ನಮಗಾಗಿ ಇಷ್ಟು ಲೇಖನ ಪರಿಶೀಲಿಸಿದ್ದಾರೆ, ದಯವಿಟ್ಟು ಅವರ ದಾಖಲೆಯಲ್ಲಿ ಸೇರಿಸಿ.

ಉತ್ತರ ಬಂದಿಲ್ಲ. ಪಟ್ಟಿಯಲ್ಲಿರುವ ಉಳಿದವರ ಪ್ರಿನ್ಸಿಪಾಲರಿಗೂ ಬರೆಯುವವಳಿದ್ದೇನೆ.